ಬಲಗೈಯ ಹದ

ಶಿರಾ ದಾಟಿದ ಮೇಲೆ ಹಿರಿಯೂರಿನ ತನಕ ರಾಷ್ಟ್ರೀಯ ಹೆದ್ದಾರಿ 48 ಹೆಚ್ಚು ಕಡಿಮೆ ನೇರ. ಭಾನುವಾರ ಬೆಳಿಗ್ಗೆ ಆ ರಸ್ತೆ ಪಕ್ಕದ ಯಾವುದಾದರೂ ಹೋಟೆಲಿನ ಮುಂದೆ ಕೂತು, ಬೆಂಗಳೂರಿನ ಕಡೆಯಿಂದ ಬರುವ ಬೈಕುಗಳ ಸದ್ದನ್ನಷ್ಟೇ ಕೇಳಿಸಿಕೊಂಡರೆ ಸಾಕು, ಸವಾರರ ಜಾತಕ ಗೊತ್ತಾಗಿಬಿಡುತ್ತದೆ. ಕೆಲವು ಇಂಜಿನ್‌ಗಳು ಒಮ್ಮೆ ಅಬ್ಬರಿಸಿ, ತಟ್ಟನೆ ತಣ್ಣಗಾಗಿ, ಮತ್ತೆ ಅಬ್ಬರಿಸುತ್ತ ಹೋಗುತ್ತವೆ. ಕೆಲವು ಮಾತ್ರ ಒಂದೇ ಶ್ರುತಿಯಲ್ಲಿ ಬಂದು ಅದೇ ಶ್ರುತಿಯಲ್ಲಿ ಮರೆಯಾಗುತ್ತವೆ. ಹೋಟೆಲಿನ ಎದುರು ಹಾಯುವಾಗ ಎರಡರ ವೇಗವೂ ಒಂದೇ ಇದ್ದಿರಬಹುದು. ಆದರೆ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಮೊದಲನೆಯವರ ಮಣಿಕಟ್ಟು ನೋಯುತ್ತಿರುತ್ತದೆ, ಭುಜ ಬಿಗಿದಿರುತ್ತದೆ, ಪೆಟ್ರೋಲ್ ಮುಳ್ಳು ಕೆಂಪಿಗೆ ಬಂದಿರುತ್ತದೆ. ಎರಡನೆಯವರು ಒಂದು ಕಾಫಿ ಕುಡಿದು ಬೆಳಗಾವಿಯ ತನಕವೂ ಹೋಗಬಲ್ಲರು.

ಬೈಕಿನ ವಿಷಯ ಬಂದರೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಎಷ್ಟು ಸಿಸಿ, ಎಷ್ಟು ಕೊಡುತ್ತೆ, ಸೈಲೆನ್ಸರ್ ಯಾವುದು, ಟೈರ್ ಯಾವುದು ಎಂದು ಗಂಟೆಗಟ್ಟಲೆ ಹರಟುತ್ತೇವೆ. ಗ್ಯಾರೇಜಿನವರು ಎಕ್ಸಲೇಟರ್ ಅನ್ನುವ, ಹೊಸಬರು ಥ್ರಾಟಲ್ ಅನ್ನುವ ಆ ರಬ್ಬರ್ ಹಿಡಿಯನ್ನು ದಿನವಿಡೀ ಹೇಗೆ ಹಿಡಿದಿರಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಲೈಸೆನ್ಸ್ ಕೊಡುವಾಗ ಎಂಟರ ಆಕಾರದಲ್ಲಿ ಓಡಿಸಿ ತೋರಿಸಲು ಹೇಳುತ್ತಾರೆ. ನೂರು ಕಿಲೋಮೀಟರ್ ಒಂದೇ ಹದದಲ್ಲಿ ಓಡಿಸಬಲ್ಲಿರಾ ಎಂದು ಯಾರೂ ಕೇಳುವುದಿಲ್ಲ. ದೂರದ ಸವಾರಿಯ ವಿದ್ಯೆಯಲ್ಲಿ ಅರ್ಧ ಭಾಗ ಇದೇ ಹದ. ಅದನ್ನು ಕಲಿಯಬೇಕಾದ್ದು ಮಾತ್ರ ಕೈಗಿಂತ ಮೊದಲು ಕಣ್ಣು.

ಮೊದಲು ಲೆಕ್ಕ. ವೇಗ ಗಂಟೆಗೆ 60 ಕಿ.ಮೀ. ದಾಟಿತೆಂದರೆ ಬೈಕಿನ ದೊಡ್ಡ ಎದುರಾಳಿ ಗಾಳಿಯೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಸೀಳಲು ಇಂಜಿನ್ ಕೊಡಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಹೆಚ್ಚಿದ್ದು ಮೂರನೇ ಒಂದು ಭಾಗ. ಗಾಳಿಗೆಂದು ಸುರಿಯಬೇಕಾದ ಶಕ್ತಿ ಸುಮಾರು 2.4 ಪಟ್ಟಾಗುತ್ತದೆ. ಒಬ್ಬ ಸವಾರ ಎರಡು ಗಂಟೆ ಕಾಲ 80ರಲ್ಲೇ ಹೋದ ಎನ್ನಿ. ಇನ್ನೊಬ್ಬ ಅದೇ ಎರಡು ಗಂಟೆಯಲ್ಲಿ ಅರ್ಧ ಹೊತ್ತು 100, ಅರ್ಧ ಹೊತ್ತು 60 ಎಂದು ಏರುತ್ತ ಇಳಿಯುತ್ತ ಹೋದ. ಇಬ್ಬರೂ ಕ್ರಮಿಸಿದ್ದು 160 ಕಿಲೋಮೀಟರೇ. ಆದರೆ ಗಾಳಿಯ ಜೊತೆ ಗುದ್ದಾಡಲು ಎರಡನೆಯವನ ಇಂಜಿನ್ ಶೇ 19ರಷ್ಟು ಹೆಚ್ಚು ದುಡಿದಿರುತ್ತದೆ. ಇದು ಬರೀ ಗಾಳಿಯ ಲೆಕ್ಕ. 100ರಿಂದ 60ಕ್ಕೆ ಇಳಿಯಲು ಅವನು ಪ್ರತಿ ಸಲ ಬ್ರೇಕ್ ಒತ್ತಿದ್ದರೆ, ಪೆಟ್ರೋಲ್ ಸುಟ್ಟು ಗಳಿಸಿದ ಓಟವೆಲ್ಲ ಡಿಸ್ಕ್ ಮತ್ತು ಪ್ಯಾಡಿನ ಬಿಸಿಯಾಗಿ ಹೋಗಿರುತ್ತದೆ. ಅದನ್ನು ಮತ್ತೆ ಗಳಿಸಲು ಮತ್ತೆ ಪೆಟ್ರೋಲೇ ಬೇಕು. ಮೈಲೇಜ್ ಕಡಿಮೆಯಾಯಿತೆಂದು ಶೋರೂಮಿನವರ ಮೇಲೆ ಹರಿಹಾಯುವ ಮೊದಲು ನಮ್ಮ ಬಲಗೈಯನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಕೇಂದ್ರ ಸರ್ಕಾರ ಹಾಕಿರುವ ಮಿತಿಯೂ 80 ಎಂಬುದು ಇಲ್ಲಿ ನೆನಪಿಡಬೇಕಾದ ಮಾತು. 350 ಸಿಸಿ ಬೈಕಿಗೆ ಅದು ಆರಾಮದ ವೇಗ. 100, 125 ಸಿಸಿ ಬೈಕಿನವರು 60ರ ಆಸುಪಾಸಿನಲ್ಲಿದ್ದರೆ ಇಂಜಿನ್ನಿಗೂ ಮೈಗೂ ಸುಖ.

ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಘವಿದೆ. 24 ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ 1,609 ಕಿ.ಮೀ. ಓಡಿಸಿ ದಾಖಲೆ ತೋರಿಸಿದವರಿಗೆ ಅದು ಪ್ರಮಾಣಪತ್ರ ಕೊಡುತ್ತದೆ. ನಮ್ಮ ರಸ್ತೆಗಳಲ್ಲಿ, ನಮ್ಮ ರಾತ್ರಿಗಳಲ್ಲಿ ಆ ಸಾಹಸವನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಆದರೆ ಅದರ ಲೆಕ್ಕ ಬಿಡಿಸಿ ನೋಡಿ. ಊಟ, ಪೆಟ್ರೋಲ್, ವಿಶ್ರಾಂತಿ ಎಲ್ಲ ಸೇರಿ ಬೇಕಾದ ಸರಾಸರಿ ಗಂಟೆಗೆ 67 ಕಿ.ಮೀ. ಮಾತ್ರ. ಅಷ್ಟು ದೂರ ಹೋಗಿ ಮುಟ್ಟಿದವರಿಗೆ ನೆರವಾಗುವುದು ದಣಿಯದೆ ಒಂದೇ ಸಮನೆ ಸಾಗುವ ಅಭ್ಯಾಸ. ನೂರಿಪ್ಪತ್ತರಲ್ಲಿ ಹಾರಿ ಮುಂದಿನ ಡಾಬಾದಲ್ಲಿ ಮುಕ್ಕಾಲು ಗಂಟೆ ಮಲಗುವವರಿಗೆ ಆ ಸರಾಸರಿ ದಕ್ಕುವುದಿಲ್ಲ.

ಇನ್ನು ಆ ಹಿಡಿಯೊಳಗೆ ಏನಿದೆ ನೋಡೋಣ. ಬಹುತೇಕ ಬೈಕುಗಳಲ್ಲಿ ಇವತ್ತಿಗೂ ಇರುವುದು ಒಂದು ಕೇಬಲ್. ಹೊರಗಿನ ಕವಚ ಅಲುಗದೆ ನಿಲ್ಲುತ್ತದೆ, ಒಳಗಿನ ತಂತಿ ಜಾರುತ್ತದೆ. ಐರ್ಲೆಂಡ್ ಮೂಲದ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಆ ತಂತಿ ಇಂಜಿನ್ನಿಗೆ ಹೋಗುವ ಗಾಳಿಯ ಬಾಗಿಲನ್ನು ತೆರೆಯುತ್ತದೆ, ಅಲ್ಲಿರುವ ಸ್ಪ್ರಿಂಗ್ ಮುಚ್ಚುತ್ತದೆ. ನಾವು ತಿರುಗಿಸಿ ಹಿಡಿದಷ್ಟು ಹೊತ್ತೂ ಸ್ಪ್ರಿಂಗ್ ನಮ್ಮ ಕೈಯನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಎಳೆತ ಸಣ್ಣದು. ಮೊದಲ ಅರ್ಧ ಗಂಟೆ ಗೊತ್ತೂ ಆಗುವುದಿಲ್ಲ. ಮೂರನೇ ಗಂಟೆಗೆ ಅದೇ ಸ್ಪ್ರಿಂಗ್ ಮುಂಗೈಯ ಸ್ನಾಯುಗಳನ್ನು ಸೋಲಿಸಿರುತ್ತದೆ.

1950, 60ರ ದಶಕಗಳ ಬ್ರಿಟಿಷ್ ಬೈಕುಗಳಲ್ಲಿ ಹಿಡಿಯ ಕೆಳಗೆ ಒಂದು ಪುಟ್ಟ ತಿರುಪು ಇರುತ್ತಿತ್ತು. ಅದನ್ನು ಬಿಗಿ ಮಾಡಿದರೆ ಹಿಡಿ ಇಟ್ಟಲ್ಲೇ ನಿಲ್ಲುತ್ತಿತ್ತು, ಸವಾರರು ಕೈ ತೆಗೆದು ಕೊಡವಿಕೊಳ್ಳಬಹುದಿತ್ತು. ಆಮೇಲೆ ಆ ತಿರುಪು ಮಾಯವಾಯಿತು. ಬಿದ್ದಾಗ, ಕೈ ಜಾರಿದಾಗ ಇಂಜಿನ್ ತಾನಾಗಿ ಇಳಿಯಬೇಕು ಎಂಬುದು ನ್ಯಾಯವಾದ ಕಾರಣ. ಕೈ ಬಿಟ್ಟೊಡನೆ ಹಿಡಿ ತಾನೇ ಮುಚ್ಚಿಕೊಳ್ಳಬೇಕೆಂದು ಅಮೆರಿಕದ ಸುರಕ್ಷತಾ ನಿಯಮವೇ ಹೇಳುತ್ತದೆ. ಜೀವ ಉಳಿಸಲೆಂದು ಇಟ್ಟ ಸ್ಪ್ರಿಂಗೇ ಕೈಯನ್ನು ದಣಿಸುತ್ತದೆ. ಎಡಗೈ ಬೇಕಾದಾಗ ತೊಡೆಯ ಮೇಲೆ ಕೂರಬಹುದು, ಬಲಗೈಗೆ ಆ ಭಾಗ್ಯವಿಲ್ಲ. (ಅಮೆರಿಕದ ಇಂಡಿಯನ್ ಎಂಬ ಕಂಪನಿಯ ಹಳೆಯ ಬೈಕುಗಳಲ್ಲಿ ಎಕ್ಸಲೇಟರ್ ಎಡಗೈಗೆ ಇತ್ತು. ಜಗತ್ತು ಬಲಗೈಯನ್ನೇ ಆರಿಸಿಕೊಂಡಿತು.)

ಕೈ ಜುಮುಗುಟ್ಟುವುದಕ್ಕೂ ಕಾರಣಗಳಿವೆ. ಕಿರುಬೆರಳು, ಉಂಗುರದ ಬೆರಳು ಮರಗಟ್ಟಿದರೆ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಹಿಡಿಗೆ ಒತ್ತಿಕೊಂಡಿದೆ ಎಂದರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರ ದೂರುತ್ತಿದೆ. ಎರಡಕ್ಕೂ ಮೂಲ ಬಹುಮಟ್ಟಿಗೆ ಒಂದೇ: ಮೈಯ ಭಾರವನ್ನು ಹ್ಯಾಂಡಲ್ ಮೇಲೆ ಹೇರುವುದು, ಮಣಿಕಟ್ಟನ್ನು ಮಡಿಸಿಕೊಂಡೇ ಇರುವುದು, ಅದರ ಮೇಲೆ ಇಂಜಿನ್ನಿನ ಕಂಪನ. ಮೊಣಕಾಲುಗಳಿಂದ ಟ್ಯಾಂಕ್ ಅಪ್ಪಿಕೊಂಡು, ಬೆನ್ನಿನ ಬಲದಲ್ಲಿ ಕೂತರೆ ಕೈಗಳ ಮೇಲಿನ ಭಾರ ತಾನಾಗಿ ಇಳಿಯುತ್ತದೆ. ಮೊಣಕೈ ಸಡಿಲವಾಗಿರಲಿ. ಬ್ರೇಕ್ ಲಿವರಿನ ಓರೆ ನಿಮ್ಮ ಮುಂಗೈಗೆ ನೇರ ಬರುವಂತೆ ಮೆಕ್ಯಾನಿಕ್ ಹತ್ತಿರ ತಿರುಗಿಸಿಕೊಳ್ಳಿ. ನಿಮಿಷಗಳ ಕೆಲಸ ಅದು, ಎಷ್ಟೋ ಜನ ವರ್ಷಗಟ್ಟಲೆ ಮಾಡಿಸಿಕೊಳ್ಳದೆ ನೋವು ತಿನ್ನುತ್ತಾರೆ. ಅಂಗೈಗೆ ಬಿಗಿಯಾದ ಗ್ಲೌಸೂ ಶತ್ರುವೇ.

ಹಿಡಿಯುವ ರೀತಿಗೆ ಬಂದರೆ, ದೊಣ್ಣೆ ಹಿಡಿದಂತೆ ಮುಷ್ಟಿ ಕಟ್ಟದೆ ಸ್ಕ್ರೂಡ್ರೈವರ್ ಹಿಡಿದಂತೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಆಗ ತಿರುಗಿಸುವ ಕೆಲಸ ಮಣಿಕಟ್ಟಿನ ಬದಲು ಇಡೀ ಮುಂಗೈಗೆ ಹಂಚಿಹೋಗುತ್ತದೆ. ಇನ್ನೊಂದು ಮುಖ್ಯ ಸಂಗತಿ, ಹೆಬ್ಬೆರಳನ್ನೋ ತೋರುಬೆರಳನ್ನೋ ಹಿಡಿಯ ಪಕ್ಕದ ಸ್ವಿಚ್ ಪೆಟ್ಟಿಗೆಗೆ ಮೆಲ್ಲಗೆ ತಾಗಿಸಿ ಇಟ್ಟುಕೊಳ್ಳುವುದು. ತಿರುಗುವ ಹಿಡಿಗೆ ತಿರುಗದ ಒಂದು ಆಸರೆ ಸಿಕ್ಕಂತಾಯಿತು. ಗುಂಡಿ ಬಿದ್ದ ರಸ್ತೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಗಾಡಿ ಗುಂಡಿಗೆ ಇಳಿದು ಎದ್ದಾಗ ಮೈ ಹಿಂದಕ್ಕೆ ಹೋಗುತ್ತದೆ, ಮೈ ಜೊತೆ ಕೈಯೂ ಹೋಗುತ್ತದೆ, ಕೈ ಹೋದರೆ ಎಕ್ಸಲೇಟರ್ ಇನ್ನಷ್ಟು ತೆರೆಯುತ್ತದೆ. ಗಾಡಿ ಮುಂದಕ್ಕೆ ನೆಗೆಯುತ್ತದೆ, ಮೈ ಇನ್ನೂ ಹಿಂದಕ್ಕೆ ವಾಲುತ್ತದೆ, ಹಿಡಿ ಮತ್ತೂ ತೆರೆಯುತ್ತದೆ. ಹೊಸ ಸವಾರರು ಹಂಪ್ ದಾಟುವಾಗ ಕಾಂಪೌಂಡಿಗೆ ನುಗ್ಗುವುದು ಹೀಗೆ. "ಬ್ರೇಕ್ ಹಿಡಿಯೋಕೆ ಹೋದೆ, ಗಾಡಿ ಓಡಿಬಿಟ್ತು" ಎಂದು ಅವರು ಹೇಳಿದರೆ ಸುಳ್ಳಲ್ಲ. ಟ್ಯಾಂಕ್ ಅಪ್ಪಿದ ಮೊಣಕಾಲು, ಆಸರೆಯ ಬೆರಳು, ಇವೆರಡೂ ಇದ್ದರೆ ಆ ಸರಪಳಿ ಶುರುವಾಗುವುದೇ ಇಲ್ಲ.

ಅಂಗೈಯಿಂದ ಒತ್ತಿ ಹಿಡಿಯಲೆಂದು ಹ್ಯಾಂಡಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ರೆಕ್ಕೆಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹೆದ್ದಾರಿಯಲ್ಲಿ ಅವು ನಿಜಕ್ಕೂ ಕೈಗೆ ಬಿಡುವು ಕೊಡುತ್ತವೆ. ಊರೊಳಗೆ ಬಂದ ಕೂಡಲೇ ಆ ರೆಕ್ಕೆಯನ್ನು ಹಿಂದಕ್ಕೆ ತಿರುಗಿಸಿಬಿಡಿ. ಗಾಬರಿಯಲ್ಲಿ ಬ್ರೇಕಿಗೆ ಕೈ ಚಾಚಿದಾಗ ಅಂಗೈ ಅದರ ಮೇಲೆ ಬಿದ್ದರೆ ಗಾಡಿ ನಿಲ್ಲುವ ಬದಲು ನುಗ್ಗುತ್ತದೆ.

ಇಷ್ಟೆಲ್ಲ ಕೈಯ ಮಾತಾಯಿತು. ಕೈ ನಡುಗುವುದು, ತೆರೆದು ಮುಚ್ಚುವುದು ಬಹಳ ಸಲ ಕಣ್ಣಿನ ತಪ್ಪಿನಿಂದ. ಗಂಟೆಗೆ 80 ಅಂದರೆ ಸೆಕೆಂಡಿಗೆ 22 ಮೀಟರ್. ಮುಂದಿನ ಕಾರಿನ ಹಿಂಭಾಗವನ್ನೇ ದಿಟ್ಟಿಸುತ್ತ ಹೋಗುವವರಿಗೆ ಗೊತ್ತಿರುವುದು ಮುಂದಿನ ಎರಡು ಸೆಕೆಂಡಿನ ಭವಿಷ್ಯ ಮಾತ್ರ. ಆ ಕಾರಿನ ಕೆಂಪು ದೀಪ ಮಿನುಗಿದಾಗೆಲ್ಲ ಅವರ ಕೈಯೂ ಮುಚ್ಚಬೇಕು. ಹನ್ನೆರಡು ಸೆಕೆಂಡಿನ ದೂರ, ಸುಮಾರು 270 ಮೀಟರ್ ಮುಂದಕ್ಕೆ ದೃಷ್ಟಿ ಇಟ್ಟವರಿಗೆ ಬ್ರೇಕಿನ ಅಗತ್ಯವೇ ಕಡಿಮೆ. ದೂರದಲ್ಲಿ ಬಸ್ಸು ಎಡಕ್ಕೆ ಸರಿಯುತ್ತಿದೆ, ಅಲ್ಲಿ ಜನ ಇಳಿದು ರಸ್ತೆ ದಾಟುತ್ತಾರೆ; ರಸ್ತೆ ವಿಭಜಕ ಕತ್ತರಿಸಿದ ಜಾಗದಲ್ಲಿ ಟ್ರ್ಯಾಕ್ಟರಿನ ಮೂತಿ ಕಾಣುತ್ತಿದೆ, ಅದು ಕಾಯುವುದಿಲ್ಲ. ಹೀಗೆ ಮೊದಲೇ ಓದಿಕೊಂಡವರು ಹಿಡಿಯನ್ನು ಕೂದಲೆಳೆಯಷ್ಟು ಸಡಿಲಿಸುತ್ತಾರೆ. 80 ಹೋಗಿ 70 ಆಗುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ದಾರಿ ತೆರವಾಗಿರುತ್ತದೆ, ಕೈ ಮತ್ತೆ ಅಷ್ಟೇ ತೆರೆಯುತ್ತದೆ. ಹಿಂದೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ.

ಹಿಂದೆ ಕೂತವರೇ ಇದರ ನಿಜವಾದ ಪರೀಕ್ಷಕರು. ಗೇರ್ ಬದಲಿಸಿದಾಗೆಲ್ಲ ಹಿಂದಿನ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತಿದ್ದರೆ ಕೈ ಇನ್ನೂ ಹದಕ್ಕೆ ಬಂದಿಲ್ಲ. "ನಿಧಾನಕ್ಕೆ ಹೋಗೋ ಮಗನೇ" ಎಂದು ಅಮ್ಮ ಹಿಂದಿನಿಂದ ಭುಜ ತಟ್ಟಿದರೆ ವೇಗಕ್ಕೆ ಹೆದರಿದರು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅವರ ದೂರು ವೇಗದ ಮೇಲಲ್ಲ, ಜಗ್ಗಾಟದ ಮೇಲೆ. ಒಂದೇ ಸಮನೆ 70ರಲ್ಲಿ ಕರೆದುಕೊಂಡು ಹೋದರೆ ಅದೇ ಅಮ್ಮ ಸೊಂಟದ ಮೇಲಿನ ಹಿಡಿತ ಸಡಿಲಿಸಿ ಹೊಲಗದ್ದೆ ನೋಡುತ್ತ ಬರುತ್ತಾರೆ.

ನಮ್ಮ ರಾಜ್ಯದ ರಸ್ತೆಗಳು ಈ ಹದಕ್ಕೆ ಒಡ್ಡುವ ಪರೀಕ್ಷೆಗಳು ಬೇರೆಯೇ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಆ ಹಾದಿಯಲ್ಲಿ ಪಡುವಣ ಗಾಳಿ ಎಡಗಡೆಯಿಂದ ಓರೆಯಾಗಿ ಬಡಿಯುತ್ತದೆ. ಲಾರಿಯ ಪಕ್ಕ ಬಂದಾಗ ಗಾಳಿ ತಟ್ಟನೆ ನಿಂತು ಗಾಡಿ ಹಗುರಾಗುತ್ತದೆ. ಲಾರಿ ದಾಟಿ ಮೂತಿ ಹೊರಗಿಟ್ಟ ಕ್ಷಣ ಮತ್ತೆ ದಬ್ಬುತ್ತದೆ. ಗಾಬರಿಯಲ್ಲಿ ಹಿಡಿ ಮುಚ್ಚಿದರೆ ಲಾರಿಯ ಪಕ್ಕದಲ್ಲೇ, ಅತಿ ಕೆಟ್ಟ ಜಾಗದಲ್ಲೇ ಉಳಿದುಬಿಡುತ್ತೇವೆ. ಮೊದಲೇ ಜಾಗ ನೋಡಿಕೊಂಡು, ತೋಳು ಸಡಿಲ ಬಿಟ್ಟು, ಒಂದೇ ಹದದಲ್ಲಿ ದಾಟಿಬಿಡುವುದು ಕ್ಷೇಮ.

ಸುಗ್ಗಿಯ ಕಾಲದಲ್ಲಿ ತುಮಕೂರು, ಹಾಸನ, ಚಿತ್ರದುರ್ಗದ ಒಳರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿರುತ್ತದೆ. ಕಣ ಮಾಡಿಸಲು ಆಳು ಸಿಗದ ರೈತರಿಗೆ ನಮ್ಮ ಚಕ್ರಗಳೇ ಒಕ್ಕಣೆ ಮಾಡಿಕೊಡಬೇಕು. ಒಣ ಹುಲ್ಲಿನ ಮೇಲೆ ಬ್ರೇಕ್ ಹಿಡಿದ ಬೈಕು ನಿಲ್ಲುವುದಿಲ್ಲ, ಮಲಗುತ್ತದೆ. ಹುಲ್ಲು ಸಿಗುವ ಮೊದಲೇ ವೇಗ ಇಳಿಸಿ, ಗಾಡಿಯನ್ನು ನೆಟ್ಟಗೆ ಇಟ್ಟು, ಸಣ್ಣಗೆ ಒಂದೇ ಸಮ ರೇಸ್ ಕೊಡುತ್ತ ದಾಟಬೇಕು. ಮಳೆಗಾಲದ ಮಲೆನಾಡಿನಲ್ಲಿ ರಸ್ತೆಯ ಮೇಲೆ ಹರಿಯುವ ಕೆಂಪು ನೀರಿಗೂ, ಜಲ್ಲಿ ಹಾಸಿದ ತುಂಡಿಗೂ, ಬಿಳಿ ಬಣ್ಣದ ನುಣುಪು ಪಟ್ಟಿಗೂ ಇದೇ ಕ್ರಮ. ಟೈರಿಗೆ ಹಿಡಿತ ಕಡಿಮೆ ಇರುವ ಕಡೆಯೆಲ್ಲ ಅದರಿಂದ ಹೊಸದೇನನ್ನೂ ಕೇಳಬಾರದು. ಮಂಡ್ಯದ ಕಬ್ಬಿನ ಟ್ರ್ಯಾಕ್ಟರುಗಳದು ಇನ್ನೊಂದು ಕಥೆ. ಎರಡೆರಡು ಟ್ರೇಲರ್, ಎಷ್ಟೋ ಸಲ ಹಿಂದೆ ದೀಪವೇ ಇಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲಿ ಇವುಗಳ ಜೊತೆಯೇ ಸಾಗಬೇಕು. ಸಂಜೆಯಾದ ಮೇಲೆ ಅಲ್ಲಿ 50ರ ಮೇಲೆ ಹೋಗದಿರುವುದೇ ಬುದ್ಧಿವಂತಿಕೆ.

ಘಾಟಿಗೆ ಬಂದರೆ ಈ ವಿದ್ಯೆ ಇನ್ನೊಂದು ರೂಪ ತಾಳುತ್ತದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಿರಲಿ, ಚಾರ್ಮಾಡಿಯ ಮಂಜು ಮುಸುಕಿದ ಬಾಗುಗಳಿರಲಿ, ತಿರುವಿಗೆ ಮೊದಲೇ ವೇಗ ಇಳಿದಿರಬೇಕು, ಗೇರ್ ಬಿದ್ದಿರಬೇಕು. ತಿರುವಿನೊಳಗೆ ಹೊಕ್ಕ ಮೇಲೆ ಹಿಡಿಯನ್ನು ತುಸುವೇ ತೆರೆದು, ಹೊರಬರುವ ತನಕ ಮೆಲ್ಲಗೆ ತೆರೆಯುತ್ತಲೇ ಹೋಗಬೇಕು. ಅಮೆರಿಕದ ಸವಾರಿ ಗುರು ಕೀತ್ ಕೋಡ್ ದಶಕಗಳಿಂದ ಕಲಿಸುತ್ತಿರುವ ಪಾಠದ ತಿರುಳು ಇದೇ. ಅದಕ್ಕೆ ಕಾರಣ ಭಾರದ ಹಂಚಿಕೆ. ನಡು ತಿರುವಿನಲ್ಲಿ ಹಿಡಿ ಮುಚ್ಚಿದರೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಜಾರುತ್ತದೆ, ಮುಂದಿನ ಶಾಕ್ ಕುಗ್ಗುತ್ತದೆ, ತಿರುಗುವ ಕೆಲಸದಲ್ಲೇ ಮುಳುಗಿದ್ದ ಆ ಟೈರಿಗೆ ಇನ್ನೊಂದು ಹೊರೆ ಬೀಳುತ್ತದೆ. ಸಣ್ಣಗೆ ತೆರೆದಿದ್ದರೆ ಭಾರ ಅಗಲವಾದ ಹಿಂದಿನ ಟೈರಿಗೆ ಹೋಗಿ ಗಾಡಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಹೆದರಿಕೆಯಾದಾಗ ಕೈ ಮುಚ್ಚುವುದು ಮನುಷ್ಯ ಸಹಜ. ಆ ಹೆದರಿಕೆ ಬಾರದಂತೆ ತಿರುವಿಗೆ ನಿಧಾನವಾಗಿ ಹೊಗುವುದೊಂದೇ ಅದಕ್ಕೆ ಮದ್ದು.

ಇಳಿಜಾರಿನ ಮಾತು ಬಂದಾಗ ಮೈಸೂರಿನ ಹಿರಿಯ ಸವಾರರನ್ನು ನೆನೆಯದೆ ಇರಲಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನ ಬೈಕುಗಳನ್ನು ಕಟ್ಟಿಕೊಟ್ಟಿತು. 1996ರಲ್ಲಿ ಬಾಗಿಲು ಮುಚ್ಚಿತು. ಆ ಬೈಕುಗಳೆಲ್ಲ ಟೂ-ಸ್ಟ್ರೋಕ್. ಇಂಜಿನ್ನಿನ ಒಳಗೆ ಪಿಸ್ಟನ್ನಿಗೆ ಬೇರೆ ಆಯಿಲ್ ಇರಲಿಲ್ಲ, ಪೆಟ್ರೋಲಿಗೆ ಬೆರೆಸಿದ ಟೂ-ಟಿ ಆಯಿಲೇ ಎಲ್ಲ. ಈಗ ಯೋಚಿಸಿ: ಘಾಟಿ ಇಳಿಯುವಾಗ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ. ಪೆಟ್ರೋಲ್ ಹೋಗುತ್ತಿಲ್ಲ, ಅದರ ಜೊತೆ ಹೋಗಬೇಕಿದ್ದ ಆಯಿಲೂ ಇಲ್ಲ. ಬಿಸಿ ಪಿಸ್ಟನ್ ಒಣಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ತಟ್ಟನೆ ನಿಂತುಹೋಗುತ್ತದೆ, ಅದೂ ಪ್ರಪಾತದ ಅಂಚಿನಲ್ಲಿ. ಹಾಗಾಗಿ ಆ ಕಾಲದವರು ಇಳಿಜಾರಿನಲ್ಲಿ ಆಗಾಗ ಚೂರು ರೇಸ್ ಕೊಟ್ಟು ಇಂಜಿನ್ನಿಗೆ ಆಯಿಲ್ ಉಣಿಸುತ್ತಿದ್ದರು, ಎಡಗೈಯ ಬೆರಳು ಸದಾ ಕ್ಲಚ್ ಮೇಲೆ. ಪುಸ್ತಕ ಓದಿ ಬಂದ ಜಾಣ್ಮೆಯಲ್ಲ ಅದು, ಸೀಜ್ ಆದ ಇಂಜಿನ್ನುಗಳು ಕಲಿಸಿದ್ದು. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಹಳೆಯ ಜಾವಾ, ಯೆಜ್ಡಿಗಳು ಸೇರುತ್ತವೆ. ಅಲ್ಲಿಗೆ ಹೋದರೆ ಬಣ್ಣ, ಕ್ರೋಮ್ ನೋಡಿ ಫೋಟೊ ತೆಗೆದು ಬರಬೇಡಿ, ಯಾರಾದರೂ ಹಿರಿಯರ ಹತ್ತಿರ ಘಾಟಿ ಇಳಿಯುವುದು ಹೇಗೆಂದು ಕೇಳಿ.

ಈಗಿನ ಫೋರ್-ಸ್ಟ್ರೋಕ್ ಬೈಕಿಗೆ ಆ ಭಯವಿಲ್ಲ. ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಇಂಜಿನ್ನೇ ಬ್ರೇಕ್ ಆಗಲಿ. ನ್ಯೂಟ್ರಲ್ ಮಾಡಿಕೊಂಡು ಪೆಟ್ರೋಲ್ ಉಳಿಸುತ್ತೇನೆಂದು ಘಾಟಿ ಇಳಿಯುವುದು ಅಪಾಯಕಾರಿ ಚಟ. ಅದರಿಂದ ಉಳಿಯುವುದೂ ಏನಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಿಗೆ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಓಡುತ್ತಿರುವಾಗ ಹಿಡಿ ಪೂರ್ತಿ ಮುಚ್ಚಿದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಿರಲೆಂದು ಸ್ವಲ್ಪ ಸುಡುತ್ತಲೇ ಇರಬೇಕು. ಇದೇ ವ್ಯವಸ್ಥೆಗೆ ಒಂದು ಅಡ್ಡ ಪರಿಣಾಮವೂ ಇದೆ: ಮುಚ್ಚಿದ ಹಿಡಿಯನ್ನು ಮತ್ತೆ ತೆರೆದಾಗ ಪೆಟ್ರೋಲ್ ಒಮ್ಮೆಲೇ ಶುರುವಾಗಿ ಗಾಡಿ ಜಗ್ಗುತ್ತದೆ. ಚೈನ್ ಸಡಿಲವಿದ್ದರೆ, ಹಿಂದಿನ ಚಕ್ರದ ಕಪ್ಲಿಂಗ್ ರಬ್ಬರ್ ಸವೆದಿದ್ದರೆ ಆ ಜಗ್ಗಾಟ ಇನ್ನೂ ಜೋರು. ಊರೊಳಗೆ ಹೋಗುವಾಗ ಹಿಡಿಯನ್ನು ಪೂರ್ತಿ ಮುಚ್ಚದೆ ಎಳೆಯಷ್ಟು ತೆರೆದೇ ಇಟ್ಟುಕೊಂಡರೆ ಇದು ಮಾಯ.

ಭಾನುವಾರದ ಗುಂಪು ಸವಾರಿಗಳಿಗೆ ಹೇಳಲೇಬೇಕಾದ್ದೊಂದಿದೆ. ಜಪಾನಿನ ನಗೋಯಾದಲ್ಲಿ ಯೂಕಿ ಸುಗಿಯಾಮ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ ಎಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕಾರುಗಳು ಒಂದೆಡೆ ಗಕ್ಕನೆ ನಿಲ್ಲತೊಡಗಿದವು, ಆ ನಿಲುಗಡೆ ಅಲೆಯಂತೆ ಹಿಂದಕ್ಕೆ ಸರಿಯುತ್ತ ಹೋಯಿತು. ಯಾರೋ ಒಬ್ಬರು ತುಸು ಕಾಲು ಸಡಿಲಿಸಿದ್ದು ಹಿಂದಿನವರಿಗೆ ಬ್ರೇಕ್ ಆಗಿ, ಅವರ ಹಿಂದಿನವರಿಗೆ ನಿಲುಗಡೆಯೇ ಆಗಿತ್ತು. ಹತ್ತು ಬೈಕುಗಳ ಸಾಲಿನಲ್ಲೂ ನಡೆಯುವುದು ಇದೇ. ಮುಂದಿರುವವರು 75ಕ್ಕೂ 85ಕ್ಕೂ ನಡುವೆ ಆಡಿದರೆ ಕೊನೆಯವರು ಒಮ್ಮೆ 50, ಒಮ್ಮೆ 110 ಎಂದು ಒದ್ದಾಡುತ್ತಾರೆ. ಕೊನೆಯಲ್ಲಿ ಇರುವುದು ಸಾಮಾನ್ಯವಾಗಿ ಹೊಸಬರು, ಚಿಕ್ಕ ಬೈಕಿನವರು. ಗುಂಪಿನ ಮುಂದಾಳುತನಕ್ಕೆ ದೊಡ್ಡ ಬೈಕಿನವರನ್ನು ಆರಿಸಬೇಡಿ, ಹದವಾದ ಬಲಗೈಯವರನ್ನು ಆರಿಸಿ.

ಹಾಗಾದರೆ ಯಂತ್ರಕ್ಕೇ ಬಿಟ್ಟುಬಿಡಬಹುದಲ್ಲ ಎಂದು ಕೇಳುವ ಕಾಲ ಬಂದಿದೆ. ಹೊಂಡಾ ಗೋಲ್ಡ್‌ವಿಂಗ್‌ನಂಥ ಭಾರಿ ಬೈಕುಗಳಲ್ಲಷ್ಟೇ ಇದ್ದ ಕ್ರೂಸ್ ಕಂಟ್ರೋಲ್ ಈಗ ಟಿವಿಎಸ್ ಅಪಾಚೆ ಆರ್‌ಟಿಆರ್ 310ರಲ್ಲಿ ಸಿಗುತ್ತದೆ, 2025ರಲ್ಲಿ ಹೀರೊ ಗ್ಲ್ಯಾಮರ್ ಎಕ್ಸ್ ಎಂಬ 125 ಸಿಸಿ ಬೈಕಿಗೂ ಬಂತು. ಕೇಬಲ್ ಬದಲು ವಿದ್ಯುತ್ ಸಂಕೇತದಲ್ಲಿ ಕೆಲಸ ಮಾಡುವ ಥ್ರಾಟಲ್ ಅಗ್ಗವಾಗಿದ್ದರಿಂದ ಇದು ಸಾಧ್ಯವಾಯಿತು. ಮಣಿಕಟ್ಟು ನೋವಿನವರಿಗೆ ಇದು ವರವೇ, ಸ್ವಾಗತಿಸುತ್ತೇನೆ. ಆದರೆ ಯಂತ್ರಕ್ಕೆ ಗೊತ್ತಿರುವುದು ವೇಗದ ಅಂಕಿ ಮಾತ್ರ. ಏರು ಬಂದರೆ ಗಾಳಿ ಇದ್ದರೂ ಇಲ್ಲದಿದ್ದರೂ ಅಂಕಿ ಉಳಿಸಲು ನುಗ್ಗುತ್ತದೆ. ದೂರದ ಬಸ್ಸು, ಹುರುಳಿಯ ಹಾಸು, ಟ್ರ್ಯಾಕ್ಟರಿನ ಮೂತಿ ಅದಕ್ಕೆ ಕಾಣುವುದಿಲ್ಲ. ಖಾಲಿ ನಾಲ್ಕು ಪಥದಲ್ಲಿ, ಹಗಲು ಹೊತ್ತಿನಲ್ಲಿ, ಒಣ ರಸ್ತೆಯಲ್ಲಿ ಬಳಸಿ. ಉಳಿದಲ್ಲಿ ಕೈಗೇ ಕೆಲಸ ಕೊಡಿ.

ಹದ ಸಿಕ್ಕಿದ ಮೇಲೆ ಬರುವ ಅಪಾಯವನ್ನೂ ಹೇಳಬೇಕು. ಒಂದೇ ಸದ್ದು, ಒಂದೇ ಗಾಳಿ, ಒಂದೇ ನೇರ ರಸ್ತೆ, ಮೇಲೆ ಮಧ್ಯಾಹ್ನದ ಊಟ. ರೆಪ್ಪೆ ಎಳೆಯುತ್ತದೆ. 80ರಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 67 ಮೀಟರ್ ಕುರುಡಾಗಿ ಹೋದಂತೆ. ಟೀ ಕುಡಿದರೆ, ಮುಖಕ್ಕೆ ನೀರು ಹಾಕಿಕೊಂಡರೆ ನಿದ್ದೆ ಮುಂದೂಡಬಹುದು, ತೀರಿಸಲಾಗದು. ಪೆಟ್ರೋಲ್ ಬಂಕಿನ ನೆರಳಲ್ಲಿ ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಇಪ್ಪತ್ತು ನಿಮಿಷ ಮಲಗುವುದರಲ್ಲಿ ಯಾವ ಅವಮಾನವೂ ಇಲ್ಲ. ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ಬೆರಳುಗಳನ್ನು ಪೂರ್ತಿ ಅಗಲಿಸಿ, ಮಣಿಕಟ್ಟನ್ನು ಎರಡೂ ಕಡೆ ಬಗ್ಗಿಸಿ, ಭುಜ ತಿರುಗಿಸಿ.

ಹೊರಡುವ ಹಿಂದಿನ ದಿನ ಮಾಡಬೇಕಾದ ಕೆಲಸ ಚಿಕ್ಕದು. ಇಂಜಿನ್ ಬಂದ್ ಇರುವಾಗ ಹಿಡಿಯನ್ನು ಪೂರ್ತಿ ತಿರುಗಿಸಿ ಬಿಡಿ, ಅದು ಚಟ್ಟೆಂದು ತಾನೇ ವಾಪಸ್ ಹೋಗಬೇಕು. ಸೋಮಾರಿಯಾಗಿ ಹೋದರೆ ಕೇಬಲ್ ಒಳಗೆ ದೂಳು, ತುಕ್ಕು ಸೇರಿದೆ. ಹಿಡಿಯಲ್ಲಿ ಕೆಲವು ಮಿಲಿಮೀಟರ್ ಪ್ಲೇ ಇರಬೇಕು, ಎಷ್ಟೆಂದು ನಿಮ್ಮ ಬೈಕಿನ ಪುಸ್ತಕದಲ್ಲಿದೆ. ಆಮೇಲೆ ಇಂಜಿನ್ ಶುರು ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ, ಆ ಗಾಡಿಯಲ್ಲಿ ಘಾಟಿಗೆ ಹೋಗಬೇಡಿ. ಎಳೆ ಬಿಚ್ಚಿದ ಕೇಬಲನ್ನು ಬೆಸುಗೆ ಹಾಕಿಸಿ ಓಡಿಸಬೇಡಿ, ಬದಲಿಸಿ. ಬೈಕಿನ ಅಗ್ಗದ ಬಿಡಿಭಾಗಗಳಲ್ಲಿ ಅದೂ ಒಂದು.

ಕೊನೆಯದಾಗಿ ಒಂದು ಮನವಿ, ಸವಾರರಿಗಷ್ಟೇ ಅಲ್ಲ. ಕಣ್ಣಿಗೆ ಕಾಣದ್ದನ್ನು ಯಾವ ಕೈಯೂ ಮೊದಲೇ ಹದ ಮಾಡಿಕೊಳ್ಳಲಾರದು. ನಮ್ಮ ಊರುಗಳ ಮುಂದೆ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪ್‌ಗಳು ಅಂಥವು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಅದರ ಮೇಲೆ ಬಣ್ಣದ ಪಟ್ಟಿ, ಅದಕ್ಕೂ ಮೊದಲು ಸೂಚನಾ ಫಲಕ ಇರಬೇಕು. ನಿಮ್ಮೂರಿನ ರಸ್ತೆಯಲ್ಲಿ ಬಣ್ಣ ಅಳಿಸಿಹೋದ ಹಂಪ್ ಇದ್ದರೆ ಗ್ರಾಮ ಪಂಚಾಯಿತಿಗೋ ಲೋಕೋಪಯೋಗಿ ಇಲಾಖೆಗೋ ಇದೇ ವಾರ ಒಂದು ಅರ್ಜಿ ಬರೆಯಿರಿ. ಅವರು ಬರುವ ತನಕ ಕಾಯಬೇಡಿ, ಊರಿನ ಯುವಕರು ಸೇರಿ ಒಂದು ಡಬ್ಬಿ ಬಿಳಿ ಬಣ್ಣ ತಂದು ಬಳಿದುಬಿಡಿ.